ಅಡುಗೆಭಟ್ಟರ ಮನೆಗೆ ಬಂದ ತಬ್ಬಲಿ ಮಗು: ಕೊಡಗಿನ ಬಾಣಸಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ರೆಸಾರ್ಟ್, ಹೋಮ್‌ಸ್ಟೇ, ಹೋಟೆಲ್ ಮತ್ತು ಮದುವೆ ಅಡುಗೆಯ ತಂಡಗಳಲ್ಲಿ ದುಡಿಯುವ ಕೆಲವರ ಮೇಲೆ, ಅಕ್ಕನದೋ ಅಣ್ಣನದೋ ಮಗುವನ್ನು ಸಾಕುವ ಹೊಣೆ ಯಾವ ಮುನ್ಸೂಚನೆಯೂ ಇಲ್ಲದೆ ಬಂದು ಬೀಳುತ್ತದೆ. ನಾನು ಮಡಿಕೇರಿ ತಾಲ್ಲೂಕಿನ ರೆಸಾರ್ಟೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ, ತೀರಿಹೋದ ಅಕ್ಕನ ಮಗಳನ್ನು ಸಾಕುತ್ತಿರುವವನು. ಇದೇ ಪರಿಸ್ಥಿತಿಗೆ ಬಂದ ಸಹೋದ್ಯೋಗಿಗಳು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅವುಗಳನ್ನು ಉತ್ತರಗಳೊಂದಿಗೆ ಇಲ್ಲಿ ಕೊಟ್ಟಿದ್ದೇನೆ. ಕಾನೂನಿನ ಸಂಗತಿಗಳು ಎಲ್ಲರಿಗೂ ಅನ್ವಯಿಸುವ ಮಟ್ಟಿಗೆ ಮಾತ್ರ ಇವೆ. ಆಸ್ತಿಯ ತಕರಾರು ಇರುವವರು ವಕೀಲರನ್ನು ಕಾಣಲೇಬೇಕು.

ಮೊದಲ ದಿನಗಳಲ್ಲಿ ಯಾವ ಕಾಗದಪತ್ರಗಳನ್ನು ಕೂಡಿಸಿಟ್ಟುಕೊಳ್ಳಬೇಕು?

ತಂದೆ ಮತ್ತು ತಾಯಿ ಇಬ್ಬರ ಮರಣ ಪ್ರಮಾಣಪತ್ರ ಎಲ್ಲಕ್ಕಿಂತ ಮೊದಲು ಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಮತ್ತು ಅದು ಸಾವು ಸಂಭವಿಸಿದ ಸ್ಥಳದಲ್ಲಿಯೇ ಆಗಬೇಕು. ಮೈಸೂರಿನ ಅಥವಾ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಪ್ರಮಾಣಪತ್ರವೂ ಅಲ್ಲಿಂದಲೇ ಬರಬೇಕಾಗುತ್ತದೆ. ಊರಿನ ಪಂಚಾಯಿತಿಯಲ್ಲಿ ಕೇಳಿ ಅಲೆದು ಸುಸ್ತಾಗುವವರು ಬಹಳ ಮಂದಿ. ಒಂದೆರಡಲ್ಲ, ಹಲವು ಪ್ರತಿಗಳನ್ನು ತೆಗೆಸಿಟ್ಟುಕೊಳ್ಳಿ. ಬ್ಯಾಂಕು, ವಿಮೆ, ಭವಿಷ್ಯ ನಿಧಿ, ಶಾಲೆ, ಪಹಣಿ ಬದಲಾವಣೆ ಎಲ್ಲಕ್ಕೂ ಬೇಕಾಗುತ್ತದೆ.

ಅದರ ಜೊತೆಗೆ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮತ್ತು ಲಸಿಕೆ ಬರೆದಿರುವ ತಾಯಿ ಕಾರ್ಡ್ ಇವುಗಳನ್ನು ಹುಡುಕಿಡಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಸತ್ತವರ ಮನೆಯನ್ನು ಖಾಲಿ ಮಾಡುವ ಗಡಿಬಿಡಿಯಲ್ಲಿ ಬಂಧುಗಳು ಹಳೆಯ ಕಾಗದವೆಂದು ಒಲೆಗೆ ಹಾಕುವ ಕಟ್ಟಿನಲ್ಲಿಯೇ ವಿಮೆಯ ಪಾಲಿಸಿ ಇರುತ್ತದೆ. ಆ ಮನೆಯ ಒಂದು ಚೀಟಿಯನ್ನೂ ಮೊದಲ ಕೆಲವು ತಿಂಗಳು ಎಸೆಯಬೇಡಿ. ತಾಯಿಯ ಕೈಬರಹದ ಅಡುಗೆ ಲೆಕ್ಕ, ಕಿರಾಣಿ ಚೀಟಿ ಸಿಕ್ಕಿದರೆ ಅದನ್ನೂ ತೆಗೆದಿಡಿ. ಅದರ ಉಪಯೋಗವನ್ನು ಮುಂದೆ ಹೇಳಿದ್ದೇನೆ.

ನಾನು ಸ್ವಂತ ಸೋದರಮಾವ. ನಾನೇಕೆ ನ್ಯಾಯಾಲಯಕ್ಕೆ ಹೋಗಬೇಕು?

ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಊಟ ಹಾಕಿ ಶಾಲೆಗೆ ಕಳುಹಿಸುವುದಕ್ಕೆ ಯಾರ ಆದೇಶವೂ ಬೇಕಿಲ್ಲ. ನೋಡಿಕೊಳ್ಳಲು ಸಿದ್ಧರಾದ ಬಂಧುಗಳಿರುವಾಗ ಮಗುವನ್ನು ಯಾರೂ ಬಾಲಮಂದಿರಕ್ಕೆ ಎಳೆದೊಯ್ಯುವುದಿಲ್ಲ. ಆದರೆ ಕಾನೂನಿನ ಕಣ್ಣಿನಲ್ಲಿ ಸಹಜ ಪೋಷಕರು ತಂದೆತಾಯಿಗಳು ಮಾತ್ರ. ಮಾವ, ಚಿಕ್ಕಪ್ಪ, ಅಜ್ಜಿ ಯಾರೂ ತಾವಾಗಿಯೇ ಪೋಷಕರಾಗುವುದಿಲ್ಲ. ಮಗುವಿನ ಹೆಸರಿನಲ್ಲಿ ಹಣ ಬರುವಾಗ, ಜಮೀನಿನ ಮಾತು ಬರುವಾಗ, ಹೆಣ್ಣುಮಗುವಿಗೆ 10 ವರ್ಷ ತುಂಬುವುದರೊಳಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯುವಾಗ, ಎಲ್ಲ ಕಡೆಯೂ ನ್ಯಾಯಾಲಯದ ಆದೇಶವನ್ನು ಕೇಳುತ್ತಾರೆ.

ಇದಕ್ಕೆ ಇರುವ ದಾರಿ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ. ಇದು ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತದೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ಜಿಲ್ಲೆಯ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ನ್ಯಾಯಾಧೀಶರು ಮುಖ್ಯವಾಗಿ ನೋಡುವುದು ಮಗುವಿನ ಹಿತವನ್ನು. ತಿಳಿವಳಿಕೆ ಬರುವ ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ಗಣನೆಗೆ ತೆಗೆದುಕೊಳ್ಳಬಹುದು. ನಿಮ್ಮ ಕೆಲಸದ ವೇಳೆ, ಸಂಬಳ, ನೀವಿಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಗಳು ಖಂಡಿತ ಬರುತ್ತವೆ. ರಾತ್ರಿ ಹನ್ನೊಂದಕ್ಕೆ ಕೆಲಸ ಬಿಡುವ ಒಂಟಿ ಅಡುಗೆಯವನಿಗೆ ಈ ಕೊನೆಯ ಪ್ರಶ್ನೆಗೆ ನೇರವಾದ ಉತ್ತರವಿರಬೇಕು. ಅದು ನ್ಯಾಯಾಧೀಶರನ್ನು ಒಪ್ಪಿಸುವುದಕ್ಕಾಗಿ ಮಾತ್ರ ಸಿದ್ಧಪಡಿಸುವ ಉತ್ತರವೂ ಆಗಬಾರದು.

ದತ್ತು ತೆಗೆದುಕೊಂಡರೆ ಎಲ್ಲವೂ ಒಂದೇ ಸಲಕ್ಕೆ ಮುಗಿಯುವುದಿಲ್ಲವೇ?

ಮುಗಿಯಬಹುದು, ಆದರೆ ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಬಂಧುಗಳು ದತ್ತು ಪಡೆಯಬಹುದು. ಅಲ್ಲಿ ಬಂಧುಗಳೆಂದರೆ ತಂದೆಯ ಅಥವಾ ತಾಯಿಯ ಒಡಹುಟ್ಟಿದವರು ಮತ್ತು ಎರಡೂ ಕಡೆಯ ಅಜ್ಜ ಅಜ್ಜಿಯರು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ಜಿಲ್ಲಾಧಿಕಾರಿಯವರು, ಜಿಲ್ಲಾ ದಂಡಾಧಿಕಾರಿಗಳಾಗಿ, ನೀಡುತ್ತಾರೆ. 5 ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಅಗತ್ಯ. ಒಂಟಿ ಪುರುಷನು ಈ ಕಾಯ್ದೆಯ ಅಡಿಯಲ್ಲಿ ಹೆಣ್ಣುಮಗುವನ್ನು ದತ್ತು ಪಡೆಯುವಂತಿಲ್ಲ. ಪೋಷಕತ್ವದ ಆದೇಶಕ್ಕೆ ಅಂಥ ಅಡ್ಡಿಯಿಲ್ಲ. ನನ್ನಂಥ ಹಲವರು ಆ ದಾರಿಯಲ್ಲಿಯೇ ನಿಂತಿದ್ದೇವೆ.

ಕೊಡಗಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಮಗು ಯಾವ ಒಕ್ಕದ್ದು, ಅಂದರೆ ಯಾವ ಮನೆತನದ್ದು, ಎಂಬುದು ತಂದೆಯಿಂದ ಬರುತ್ತದೆ. ತಾಯಿಯ ಕಡೆಯ ಮಾವ ದತ್ತು ಪಡೆಯುತ್ತಾನೆಂದಾಗ ತಂದೆಯ ಒಕ್ಕದ ಹಿರಿಯರು ಮುನಿಸಿಕೊಳ್ಳುವುದುಂಟು, ಮತ್ತು ಅವರ ಮುನಿಸಿನಲ್ಲಿ ಅರ್ಥವಿಲ್ಲವೆಂದು ಹೇಳಲಾಗದು. ಪೋಷಕತ್ವದಲ್ಲಿ ಮಗುವಿನ ಮನೆಹೆಸರು, ಒಕ್ಕದ ಸಂಬಂಧ, ಒಕ್ಕದ ಮೂಲಮನೆಯಾದ ಐನ್‌ಮನೆಯ ನಡುಮನೆಯಲ್ಲಿ, ಅಂದರೆ ನೆಲ್ಲಕ್ಕಿ ಬಾಡೆಯಲ್ಲಿ, ಅದಕ್ಕಿರುವ ಜಾಗ ಯಾವುದೂ ಅಲುಗಾಡುವುದಿಲ್ಲ. ಕೈಲ್‌ಪೊಳ್ದಿಗೆ, ಪುತ್ತರಿ ಹಬ್ಬಕ್ಕೆ ಮಗುವನ್ನು ಅಲ್ಲಿಗೆ ಕಳುಹಿಸಿ. ನೀವೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಆದರೆ ಆ ದಿನಗಳಲ್ಲಿ ನಮಗೆ ರಜೆ ಸಿಗುವುದು ಎಷ್ಟು ಕಷ್ಟವೆಂದು ಈ ಬರಹ ಓದುವವರಿಗೆ ವಿವರಿಸಬೇಕಿಲ್ಲ.

ತಂದೆಯ ಕಡೆಯಲ್ಲಿ ಕಾಫಿ ತೋಟವಿದೆ. ಅದರ ಗತಿಯೇನು?

ಮಗುವಿನ ಹಕ್ಕು ಮಗುವಿನದೇ. ತಂದೆಯ ಸ್ವಯಾರ್ಜಿತ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ 1956ರಿಂದಲೇ ಮಗಳು ಮಗನಷ್ಟೇ ವಾರಸುದಾರಳು. ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು 2005ರ ತಿದ್ದುಪಡಿ ಕೊಟ್ಟಿತು. ಒಕ್ಕಗಳು ವಂಶಪಾರಂಪರ್ಯವಾಗಿ ಹೊಂದಿರುವ ಜಮ್ಮಾ ಜಮೀನಿನ ವಿಷಯ ಬೇರೆಯದು. ಪಟ್ಟೆದಾರರ (ಒಕ್ಕದ ಹಿರಿಯರ) ಹೆಸರಿನೊಂದಿಗೆ ಒಕ್ಕದ ಹಲವರ ಹೆಸರು ಸೇರಿಕೊಂಡಿರುವ ಆ ಪಹಣಿಗಳನ್ನು ಓದಿ ಅರ್ಥೈಸುವುದಕ್ಕೆ ಮಡಿಕೇರಿ ಅಥವಾ ವಿರಾಜಪೇಟೆಯ ಅನುಭವಸ್ಥ ವಕೀಲರೇ ಬೇಕು. ಬೆಂಗಳೂರಿನ ವಕೀಲರಿಗೆ ಅದನ್ನು ಮೊದಲಿನಿಂದ ವಿವರಿಸುವುದರಲ್ಲಿಯೇ ಅರ್ಧ ದಿನ ಹೋಗುತ್ತದೆ.

ನಿಮ್ಮ ಪಾಲಿಗೆ ಮುಖ್ಯವಾದದ್ದು ಇಷ್ಟು. ಮನೆಯಲ್ಲಿ ಸಾಕುತ್ತಿದ್ದೀರಿ ಎಂಬ ಮಾತ್ರಕ್ಕೆ ಮಗುವಿನ ಆಸ್ತಿಯನ್ನು ಮಾರಲು, ಅಡವಿಡಲು ನಿಮಗೆ ಅಧಿಕಾರವಿಲ್ಲ. ನ್ಯಾಯಾಲಯ ಆಸ್ತಿಯ ಪೋಷಕನೆಂದು ನೇಮಿಸಿದ ಮೇಲೂ ಮಾರಾಟಕ್ಕೆ, ಅಡಮಾನಕ್ಕೆ, 5 ವರ್ಷ ಮೀರಿದ ಗುತ್ತಿಗೆಗೆ ಮುಂಚಿತ ಅನುಮತಿ ಬೇಕು. ಆದ್ದರಿಂದ ‘ನೀನು ಒಂದು ಸಹಿ ಹಾಕಿಬಿಡು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ’ ಎಂದು ಯಾರು ಬಂದರೂ ಹಾಕಬೇಡಿ. ತೋಟವನ್ನು ಚಿಕ್ಕಪ್ಪಂದಿರು ನೋಡಿಕೊಳ್ಳುತ್ತಿದ್ದರೆ ಕಾಫಿ ಕುಯ್ಲು ಮುಗಿದ ಮೇಲೆ, ಮತ್ತೆ ಕರಿಮೆಣಸು ಕೊಟ್ಟ ಮೇಲೆ, ಎಷ್ಟು ಚೀಲ, ಯಾವ ದರ, ಆಳುಗಳ ಕೂಲಿ ಎಷ್ಟು ಎಂಬ ಲೆಕ್ಕವನ್ನು ಬರೆಸಿಕೊಳ್ಳಿ. ಅಡುಗೆಮನೆಯ ಸ್ಟೋರ್ ಲೆಕ್ಕವನ್ನು ದಿನವೂ ಬರೆಯುವ ನಮಗೆ ಇದು ಹೊಸದಲ್ಲ. ಲೆಕ್ಕ ಕೇಳುವುದು ಅನುಮಾನಿಸಿದಂತೆ ಎಂದು ಬೇಸರಪಡುವವರಿಗೆ, ಮಗುವಿಗೆ 18 ತುಂಬಿದ ದಿನ ಅವಳಿಗೆ ಉತ್ತರ ಕೊಡಬೇಕಾದವರು ನಾವಿಬ್ಬರೂ ಎಂದು ಹೇಳಿದರೆ ಸಾಕಾಗುತ್ತದೆ.

ಸರ್ಕಾರದಿಂದ ಹಣದ ನೆರವು ಸಿಗುತ್ತದೆಯೇ?

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ, ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡಲಾಗುತ್ತದೆ. 2022ರ ಮಾರ್ಗಸೂಚಿಯಂತೆ ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂಪಾಯಿ, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಸಂಬಳದ ಚೀಟಿ ಇರುವ ಬಾಣಸಿಗರಲ್ಲಿ ಹೆಚ್ಚಿನವರು ಈ ಮಿತಿಯನ್ನು ದಾಟಿರುತ್ತಾರೆ. ಮದುವೆ ಅಡುಗೆಗೆ ದಿನಗೂಲಿಯಲ್ಲಿ ಹೋಗುವವರಿಗೆ ಮತ್ತು ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಸಿಗುವ ಸಾಧ್ಯತೆ ಇದೆ. ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ಯಾರೂ ನೆನಪಿಸಿಕೊಳ್ಳದ ಇನ್ನೊಂದು ಹಣವಿದೆ. ತೀರಿಕೊಂಡ ತಂದೆ ಅಥವಾ ತಾಯಿ ಭವಿಷ್ಯ ನಿಧಿಯ ಸದಸ್ಯರಾಗಿದ್ದರೆ, 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಅನಾಥ ಮಗುವಿಗೆ 25 ವರ್ಷದವರೆಗೆ ಪಿಂಚಣಿ ಇದೆ. ಅದು ವಿಧವಾ ಪಿಂಚಣಿಯ ಶೇಕಡಾ 75ರಷ್ಟು. ತಿಂಗಳಿಗೆ 750 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ. ದೊಡ್ಡ ಮೊತ್ತವಲ್ಲ, ಆದರೆ ಬರಬೇಕಾದದ್ದು ಬರಲಿ. ರಸ್ತೆ ಅಪಘಾತದ ಸಾವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿಸಿ. ಮಗುವಿನ ಪಾಲನ್ನು ಸಾಮಾನ್ಯವಾಗಿ ಅದರ ಹೆಸರಿನಲ್ಲಿಯೇ ಠೇವಣಿ ಇಡಿಸುತ್ತಾರೆ.

ವರ್ಷದ ನಡುವೆ ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ?

ಸೇರಿಸಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದೋ ವರ್ಗಾವಣೆ ಪತ್ರ ತಡವಾಗಿದೆಯೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ಸೇರಿಸುವ ದಿನವೇ ತರಗತಿಯ ಶಿಕ್ಷಕರಿಗೆ ವಿಷಯ ತಿಳಿಸಿ, ‘ನನ್ನ ಅಮ್ಮ’ ಎಂಬ ಪ್ರಬಂಧವನ್ನು ಎಲ್ಲರೆದುರು ಓದಿಸುವಂಥ ಸಂದರ್ಭ ಬಂದರೆ ಮೊದಲೇ ಹೇಳಿ ಎಂದು ಕೇಳಿಕೊಳ್ಳಿ.

ವಸತಿ ಶಾಲೆಗೆ ಸೇರಿಸಿಬಿಡಿ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಗಾಳಿಬೀಡಿನ ನವೋದಯ ಇದೆ, ಕೂಡಿಗೆಯ ಸೈನಿಕ ಶಾಲೆ ಇದೆ, ಮೊರಾರ್ಜಿ ದೇಸಾಯಿ ಶಾಲೆಗಳಿವೆ, ಒಳ್ಳೆಯ ಶಾಲೆಗಳೇ. ನವೋದಯಕ್ಕೆ 6ನೇ ತರಗತಿಗೆ ಪರೀಕ್ಷೆ ನಡೆಯುತ್ತದೆ ಮತ್ತು ಮಗು 5ನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಆದರೆ ಮನೆ ಕಳೆದುಕೊಂಡ ವರ್ಷದಲ್ಲಿಯೇ ಎರಡನೆಯ ಮನೆಯನ್ನೂ ಬಿಡಿಸುವುದು ನನಗೆ ಸರಿಯೆನಿಸುವುದಿಲ್ಲ. ಒಂದೆರಡು ವರ್ಷ ಕಳೆದು, ಮಗುವೇ ಹೋಗುತ್ತೇನೆಂದರೆ ಆಗ ನೋಡಬಹುದು.

ಬ್ರೇಕ್ ಡ್ಯೂಟಿಯಲ್ಲಿ ಮಗುವನ್ನು ನೋಡಿಕೊಳ್ಳುವುದು ಹೇಗೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಉಳಿದ ಪ್ರಶ್ನೆಗಳ ಅರ್ಧ ಉತ್ತರವೂ ಇದರಲ್ಲಿಯೇ ಇದೆ.

ನಮ್ಮ ಕಡೆ ಬ್ರೇಕ್ ಡ್ಯೂಟಿ ಎಂದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೋಗಿ, ಮಧ್ಯಾಹ್ನದ ಬಫೆ ಮುಗಿಸಿ ಮೂರೂವರೆಗೆ ಹೊರಬಂದು, ಮತ್ತೆ ಆರೂವರೆಗೆ ಒಳಹೊಕ್ಕು, ಕೊನೆಯ ಆರ್ಡರ್ ಹೋಗಿ ಒಲೆ ಉಜ್ಜುವ ತನಕ ನಿಲ್ಲುವುದು. ಮೇಲ್ನೋಟಕ್ಕೆ ಇದು ಶಾಲೆಯ ವೇಳೆಗೆ ಹೊಂದಿಕೊಂಡಂತೆ ಕಾಣುತ್ತದೆ: ಬೆಳಿಗ್ಗೆ ತಿಂಡಿ ಮಾಡಿ ಕಳುಹಿಸಬಹುದು, ಸಂಜೆ ಬರಮಾಡಿಕೊಳ್ಳಬಹುದು. ಆದರೆ ಕತ್ತಲಾದ ಮೇಲೆ ನೀವು ಮನೆಯಲ್ಲಿ ಇರುವುದಿಲ್ಲ. ತಂದೆತಾಯಿಯನ್ನು ಕಳೆದುಕೊಂಡ ಮಗುವಿಗೆ ಹಗಲು ಹೇಗೋ ಕಳೆಯುತ್ತದೆ. ದೀಪ ಹಚ್ಚಿದ ಮೇಲೆ, ಊಟದ ಹೊತ್ತಿನಿಂದ ನಿದ್ದೆ ಬರುವವರೆಗಿನ ಸಮಯವೇ ಅದಕ್ಕೆ ಭಾರ. ನಾವು ಊರಿನವರಿಗೆಲ್ಲ ಬಡಿಸುವ ಹೊತ್ತೂ ಅದೇ.

ಆದ್ದರಿಂದ, ಆಯ್ಕೆ ಇರುವವರು ಬೆಳಗಿನ ಪಾಳಿಯನ್ನು ಕೇಳಿ ಪಡೆಯಬೇಕು ಎಂಬುದು ನನ್ನ ಖಚಿತವಾದ ಸಲಹೆ. ಬೆಳಿಗ್ಗೆ ಆರಕ್ಕೆ ಹೋಗಿ ಮೂರಕ್ಕೆ ಬರುವ ಪಾಳಿಯಲ್ಲಿಯೂ ಒಂದು ತೂತು ಇದೆ: ಮಗು ಏಳುವಾಗ ನೀವಿರುವುದಿಲ್ಲ. ಆದರೆ ಬೆಳಗಿನ ಆ ಎರಡು ಗಂಟೆಯಲ್ಲಿ ಮಗುವಿಗೆ ಹಲ್ಲುಜ್ಜುವುದು, ಸ್ನಾನ, ಸಮವಸ್ತ್ರ, ಬಸ್ಸು ಎಂಬ ಗಡಿಬಿಡಿ ಇರುತ್ತದೆ. ಆ ತೂತನ್ನು ನೆರೆಮನೆಯ ಅಕ್ಕನೋ ಅಜ್ಜಿಯೋ ತುಂಬಬಲ್ಲರು. ರಾತ್ರಿಯದನ್ನು ಬೇರೆಯವರು ತುಂಬುವುದು ಕಷ್ಟ. ಯಾರನ್ನು ಇಟ್ಟುಕೊಂಡರೂ ದಿನಕ್ಕೊಬ್ಬರಾಗಬಾರದು, ಒಬ್ಬರೇ ಆಗಿರಬೇಕು, ಮತ್ತು ಅವರಿಗೆ ತಿಂಗಳಿಗೆ ಇಷ್ಟೆಂದು ಹಣ ಕೊಡಬೇಕು. ದಾಕ್ಷಿಣ್ಯದ ಮೇಲೆ ನಡೆಯುವ ವ್ಯವಸ್ಥೆ ಮೊದಲ ಮದುವೆ ಸೀಸನ್ನಿಗೇ ಮುರಿದು ಬೀಳುತ್ತದೆ.

ಪಾಳಿಗಿಂತ ಕಠಿಣವಾದದ್ದು ರಜೆಯ ಪ್ರಶ್ನೆ. ಶಾಲೆಗೆ ರಜೆ ಇರುವ ದಿನಗಳೆಲ್ಲ ನಮಗೆ ಹೌಸ್‌ಫುಲ್. ದಸರಾ ರಜೆಯಲ್ಲಿ ಮಡಿಕೇರಿಯ ದಶಮಂಟಪಗಳನ್ನು ನೋಡಲು ಜನ ಕಿಕ್ಕಿರಿಯುತ್ತಾರೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಉಸಿರಾಡಲು ಬಿಡುವಿಲ್ಲ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಂಗಳೂರಿನ ಅರ್ಧ ಊರು ಇಲ್ಲಿರುತ್ತದೆ, ಇವೆಲ್ಲದರ ನಡುವೆ ಪ್ರತಿ ಶನಿವಾರ ಮತ್ತು ಭಾನುವಾರ ಬೇರೆ. ಮಂಗಳವಾರದ ವೀಕ್ಲಿ ಆಫ್‌ನಿಂದ ನಿಮ್ಮ ಬಟ್ಟೆ ಒಗೆಯುವ ಕೆಲಸ ಆಗಬಹುದೇ ಹೊರತು ಮಗುವಿಗೆ ಏನೂ ಸಿಗುವುದಿಲ್ಲ. ಮಾಲೀಕರ ಬಳಿ ಎಲ್ಲ ಭಾನುವಾರಗಳನ್ನು ಕೇಳಿದರೆ ಒಂದೂ ಸಿಗದು. ತಿಂಗಳಿಗೆ ಒಂದು ಭಾನುವಾರ ಪೂರ್ತಿ, ಉಳಿದ ಭಾನುವಾರಗಳಲ್ಲಿ ಬಫೆ ಮುಗಿದ ಕೂಡಲೇ ಬಿಡುಗಡೆ ಎಂದು ಕೇಳಿದರೆ ಸಿಗುವ ಸಂಭವವಿದೆ. ರಜೆಯ ದಿನ ದುಡಿದದ್ದಕ್ಕೆ ಬದಲಾಗಿ ಸಿಗುವ ಕಾಂಪ್ ಆಫ್‌ಗಳಲ್ಲಿ ಬಾಕಿ ಉಳಿದವನ್ನು ಜೂನ್ ಮತ್ತು ಜುಲೈಗೆ ಕೂಡಿಟ್ಟುಕೊಳ್ಳಿ. ಕೊಠಡಿಗಳು ಖಾಲಿ ಬೀಳುವ ಆ ಮಳೆಗಾಲದಲ್ಲಿಯೇ ಹೊಸ ತರಗತಿಯೂ ಶುರುವಾಗುತ್ತದೆ. ಬೇಸಿಗೆ ರಜೆಗೆ ಮಗು ಯಾರ ಮನೆಯಲ್ಲಿರಬೇಕೆಂಬುದನ್ನು ಸಂಕ್ರಾಂತಿಯ ಹೊತ್ತಿಗೇ ಬಂಧುಗಳೊಡನೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ಕೆಲಸವನ್ನೇ ಬದಲಿಸುವ ಯೋಚನೆಯಿದ್ದರೆ ಶಾಲೆಯ ಅಥವಾ ಆಸ್ಪತ್ರೆಯ ಕ್ಯಾಂಟೀನು, ಬೇಕರಿ, ಮಧ್ಯಾಹ್ನದ ಊಟ ಮಾತ್ರ ಕೊಡುವ ಹೋಟೆಲು ಇವುಗಳಲ್ಲಿ ರಾತ್ರಿ ಬಿಡುವಿರುತ್ತದೆ, ಸಂಬಳ ಕಡಿಮೆಯಿರುತ್ತದೆ. ಕಾಯಂ ನೌಕರರಾಗಿದ್ದು 5 ವರ್ಷದ ಸೇವೆ ತುಂಬಲು ಕೆಲವೇ ತಿಂಗಳಿದ್ದರೆ, ಗ್ರಾಚ್ಯುಟಿಯ ಲೆಕ್ಕ ನೋಡಿಕೊಂಡು ರಾಜೀನಾಮೆ ಕೊಡಿ.

ನಾನು ಅಡುಗೆಯನ್ನೇ ಉಸಿರಾಡುವವನು. ಆದರೆ ಮಗು ನನ್ನ ಅಡುಗೆಯನ್ನು ಮುಟ್ಟುವುದಿಲ್ಲ. ಏನು ಮಾಡಲಿ?

ಈ ಪ್ರಶ್ನೆ ಕೇಳುವವರ ಮುಖದಲ್ಲಿ ಮಗುವಿನ ಮೇಲಿನ ಚಿಂತೆಯಷ್ಟೇ ಅವಮಾನವೂ ಕಾಣುತ್ತದೆ. ಅವಮಾನವನ್ನು ಮೊದಲು ಬದಿಗಿಡಿ. ದುಃಖದಲ್ಲಿರುವ ಮಗುವಿಗೆ ಹಸಿವು ಕಡಿಮೆಯಾಗುವುದು ಸಹಜ, ಮತ್ತು ಅದಕ್ಕೆ ಬೇಕಿರುವುದು ಚೆನ್ನಾದ ಊಟವಲ್ಲ, ಗೊತ್ತಿರುವ ಊಟ. ಅಮ್ಮ ಮಾಡುತ್ತಿದ್ದ ಸಾರಿನಲ್ಲಿ ಬೇಳೆ ಅರೆಬೆಂದಿರುತ್ತಿತ್ತು, ಒಗ್ಗರಣೆಯಲ್ಲಿ ಬೆಳ್ಳುಳ್ಳಿ ತುಸು ಕಂದುತ್ತಿತ್ತು ಎಂದಾದರೆ ಮಗುವಿನ ನಾಲಿಗೆಗೆ ಅದೇ ಸಾರು. ನಮ್ಮ ಕೈ ತಾನಾಗಿಯೇ ಅದನ್ನು ತಿದ್ದಿಬಿಡುತ್ತದೆ: ಬೇಳೆಯನ್ನು ನುಣ್ಣಗೆ ಬೇಯಿಸುತ್ತೇವೆ, ಬೆಳ್ಳುಳ್ಳಿಯನ್ನು ಹೊಂಬಣ್ಣಕ್ಕೇ ಇಳಿಸುತ್ತೇವೆ, ಕೊನೆಗೆ ಮೇಲಿಷ್ಟು ಕೊತ್ತಂಬರಿ. ಮಗು ಒಂದು ತುತ್ತು ತಿಂದು ತಟ್ಟೆಯನ್ನು ದೂಡುತ್ತದೆ. ಅಕ್ಕನ ಅಡುಗೆಯನ್ನು ಅದರ ಕೊರತೆಗಳ ಸಮೇತ ಮಾಡಲು ಕಲಿಯುವುದು ಒಳ್ಳೆಯ ಬಾಣಸಿಗನಿಗೆ ಸುಲಭದ ಕೆಲಸವಲ್ಲ. ಇದಕ್ಕಾಗಿಯೇ ಆ ಕಿರಾಣಿ ಚೀಟಿಯನ್ನು ತೆಗೆದಿಡಿ ಎಂದದ್ದು: ಯಾವ ಅಂಗಡಿಯ ಸಾರಿನ ಪುಡಿ, ಯಾವ ಅಕ್ಕಿ, ತಿಂಗಳಿಗೆ ಎಷ್ಟು ಎಣ್ಣೆ ಎಂಬುದು ಅದರಲ್ಲಿ ಸಿಗುತ್ತದೆ. ಹಳೆಯ ನೆರೆಯವರನ್ನು ಕೇಳಿದರೆ ಇನ್ನಷ್ಟು ತಿಳಿಯುತ್ತದೆ.

ರೆಸಾರ್ಟಿನಿಂದ ಪಂದಿ ಕರಿಯನ್ನೋ (ಹಂದಿ ಮಾಂಸದ ಸಾರು) ಬಫೆಯ ಪಾಸ್ತಾವನ್ನೋ ಡಬ್ಬಿಯಲ್ಲಿ ತಂದು ಮಗುವನ್ನು ಗೆಲ್ಲಲು ನೋಡಬೇಡಿ. ಮಾಲೀಕರ ಅನುಮತಿಯಿಲ್ಲದೆ ತರುವುದು ಹೇಗೂ ತಪ್ಪು. ಅನುಮತಿ ಇದ್ದರೂ, ರಾತ್ರಿ ಹನ್ನೊಂದಕ್ಕೆ ಬರುವ ಡಬ್ಬಿಯನ್ನು ಮಗು ಊಟವೆಂದು ಲೆಕ್ಕಿಸುವುದಿಲ್ಲ. ನೀವು ಎದುರಿಗೆ ಕುಳಿತು ತಿನ್ನುವ ಗಂಜಿ, ಉಪ್ಪಿನಕಾಯಿಯನ್ನು ಲೆಕ್ಕಿಸುತ್ತದೆ. ನಮ್ಮ ವೃತ್ತಿಯವರಲ್ಲಿ ಹೆಚ್ಚಿನವರಿಗೆ ಕುಳಿತು ಊಟ ಮಾಡುವ ಅಭ್ಯಾಸವೇ ತಪ್ಪಿಹೋಗಿದೆ. ಪಾತ್ರೆಯ ಪಕ್ಕದಲ್ಲಿ ನಿಂತು ನಾಲ್ಕು ತುತ್ತು ನುಂಗುವುದೇ ನಮ್ಮ ಊಟ. ಮಗುವಿನೊಂದಿಗೆ ಗೊತ್ತಾದ ಹೊತ್ತಿಗೆ ನೆಲದ ಮೇಲೆ ಕೂರುವುದನ್ನು ನಾವೇ ಮರಳಿ ಕಲಿಯಬೇಕಾಗುತ್ತದೆ.

ಹೊಸ ರುಚಿಯನ್ನು ನಿಧಾನವಾಗಿ ತನ್ನಿ. ಹೊರಗಿನಿಂದ ಬಂದ ಮಕ್ಕಳಿಗೆ ಪಾಪುಟ್ಟು ಒಳ್ಳೆಯ ಆರಂಭ. ಅಕ್ಕಿ ತರಿಯನ್ನು ತೊಳೆದು, ಹಾಲು ಮತ್ತು ನೀರಿನಲ್ಲಿ ನೆನೆಸಿ, ತೆಂಗಿನ ತುರಿ, ಚಿಟಿಕೆ ಉಪ್ಪು ಸೇರಿಸಿ, ಅಂಚಿರುವ ತಟ್ಟೆಗೆ ಸುರಿದು ಹಬೆಯಲ್ಲಿ ಬೇಯಿಸುವುದಷ್ಟೇ. ಖಾರವಿಲ್ಲ, ಅಪರಿಚಿತ ವಾಸನೆಯಿಲ್ಲ. ತೆಂಗಿನ ತುರಿಯನ್ನು ಮೇಲೆ ಉದುರಿಸುವ ಕೆಲಸವನ್ನು ಮಗುವಿಗೆ ಕೊಡಿ, ಬೆಂದ ಮೇಲೆ ವಜ್ರದಾಕಾರದಲ್ಲಿ ಕತ್ತರಿಸುವುದನ್ನು ನೀವು ಮಾಡಿ. ಕಣಿಲೆ, ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದ ಮಾಂಸ ಇವೆಲ್ಲ ಒಂದೆರಡು ವರ್ಷ ಕಾಯಲಿ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡುವುದಾದರೆ ಮಾರನೆಯ ದಿನ ಮೂತ್ರ ಕೆಂಪಾಗಿ ಹೋಗುತ್ತದೆಂದು ಮೊದಲೇ ಹೇಳಿಬಿಡಿ. ಗೊತ್ತಿಲ್ಲದ ಮಗು ತನಗೂ ಕಾಯಿಲೆ ಬಂತೆಂದು ಹೆದರಿ, ಯಾರಿಗೂ ಹೇಳದೆ ಒಳಗೇ ಇಟ್ಟುಕೊಳ್ಳುತ್ತದೆ.

ತೂಕ ಇಳಿಯುತ್ತಲೇ ಹೋದರೆ, ಅಥವಾ ತಿಂದದ್ದೆಲ್ಲ ವಾಂತಿಯಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಅಪ್ಪ ಅಮ್ಮ ಎಲ್ಲಿ ಎಂದು ಮಗು ಕೇಳಿದರೆ ಏನು ಹೇಳುವುದು?

ಸತ್ತುಹೋದರು ಎಂದೇ ಹೇಳಬೇಕು. ಮಲಗಿದ್ದಾರೆ, ದೂರದ ಊರಿಗೆ ಹೋಗಿದ್ದಾರೆ ಎಂದು ಹೇಳಿದರೆ ಚಿಕ್ಕ ಮಕ್ಕಳು ಅದನ್ನು ಹಾಗೆಯೇ ನಂಬುತ್ತಾರೆ. ಮಲಗಲು ಹೆದರುತ್ತಾರೆ, ನೀವು ಮೈಸೂರಿಗೆ ಹೊರಟರೂ ಕಂಗಾಲಾಗುತ್ತಾರೆ. ಸಾವಿನಿಂದ ಮರಳುವಿಕೆ ಇಲ್ಲವೆಂಬುದು ಸಾಮಾನ್ಯವಾಗಿ ಐದರಿಂದ ಏಳು ವರ್ಷದ ನಡುವೆ ಅರ್ಥವಾಗುತ್ತಾ ಬರುತ್ತದೆ. ಅಲ್ಲಿಯವರೆಗೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದೇ ಉತ್ತರವನ್ನು ಮತ್ತೆ ಮತ್ತೆ ಕೊಡಬೇಕು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ತೊದಲುವುದು, ನಿಮ್ಮ ಅಂಗಿಯನ್ನು ಬಿಡದೆ ಹಿಡಿದುಕೊಳ್ಳುವುದು ಇವೆಲ್ಲ ಕೆಲವು ಕಾಲ ಇರುತ್ತವೆ. ಬೈಯಬೇಡಿ. ತಿಂಗಳುಗಳು ಕಳೆದರೂ ಕಡಿಮೆಯಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಕೊಡವ ಮನೆಗಳಲ್ಲಿ ಗುರುಕಾರೋಣರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೀದಿ (ಎಡೆ) ಇಡುವ ಪದ್ಧತಿ ಇದೆಯಲ್ಲ, ಆ ದಿನ ಅವಳ ಅಮ್ಮನಿಗೆ ಇಷ್ಟವಾಗಿದ್ದ ಒಂದು ಪದಾರ್ಥವನ್ನು ಮಗುವನ್ನು ಜೊತೆಗಿಟ್ಟುಕೊಂಡು ಮಾಡಿ ಬಾಳೆಲೆಯಲ್ಲಿಡಿ. ಬೇರೆ ಸಮುದಾಯದವರಿಗೆ ತಮ್ಮ ತಮ್ಮ ಪದ್ಧತಿ ಇದ್ದೇ ಇರುತ್ತದೆ. ಅಮ್ಮನ ಹೆಸರನ್ನು ಮನೆಯಲ್ಲಿ ಎತ್ತಬಾರದು ಎಂಬ ವಾತಾವರಣ ಮಾತ್ರ ಬೇಡ.

ಮಗುವನ್ನು ಕೆಲಸದ ಅಡುಗೆಮನೆಗೆ ಕರೆದುಕೊಂಡು ಹೋಗಬಹುದೇ?

ಬೇಡ. 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. 2016ರ ತಿದ್ದುಪಡಿಯ ನಂತರ, ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಉದ್ಯಮಕ್ಕೆ ನೆರವಾಗುವುದಕ್ಕೆ ಮಾತ್ರ ವಿನಾಯಿತಿ ಇದೆ. ಅಲ್ಲಿ ಕುಟುಂಬ ಎಂಬುದರಲ್ಲಿ ತಂದೆತಾಯಿಯ ಒಡಹುಟ್ಟಿದವರೂ ಸೇರುತ್ತಾರೆ. ಅಂದರೆ ನಿಮ್ಮದೇ ಹೋಮ್‌ಸ್ಟೇಯಲ್ಲಿ ಮಗು ಸಂಜೆ ಬಟಾಣಿ ಸುಲಿದರೆ ತಪ್ಪಿಲ್ಲ. ನೀವು ಸಂಬಳಕ್ಕಿರುವ ರೆಸಾರ್ಟಿನಲ್ಲಿ ತಟ್ಟೆ ಒರೆಸಿದರೆ ತಪ್ಪು.

ಕಾನೂನನ್ನು ಬಿಟ್ಟು ನೋಡಿದರೂ, ಒದ್ದೆ ನೆಲ, ಕುದಿಯುವ ಸ್ಟಾಕು, ‘ಹಿಂದೆ, ಹಿಂದೆ’ ಎಂದು ಕೂಗುತ್ತಾ ಓಡುವ ಕಮಿಗಳ (ಕಿರಿಯ ಅಡುಗೆಯವರ) ನಡುವೆ ಮಗುವಿಗೆ ಜಾಗವಿಲ್ಲ. ಮನೆಯ ಒಲೆಯ ಬಳಿ ಕಲಿಸಿ. ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಕಾಫಿ ಪುಡಿ, ಟೂತ್‌ಪೇಸ್ಟ್, ಐಸ್ ಯಾವುದನ್ನೂ ಹಚ್ಚಬಾರದು. ಅಡುಗೆಯವರೇ ಕಾಫಿ ಪುಡಿ ಮೆತ್ತುವುದನ್ನು ನಾನು ನೋಡಿದ್ದೇನೆ.

ಮಳೆ ರಜೆ ಘೋಷಿಸಿದ ದಿನ ಏನು ಮಾಡುವುದು?

ಜಿಲ್ಲಾಡಳಿತದ ಆದೇಶ ಹಿಂದಿನ ರಾತ್ರಿಯೋ ಬೆಳ್ಳಂಬೆಳಿಗ್ಗೆಯೋ ಬರುತ್ತದೆ, ಆಗ ನೀವು ಬೆಳಗಿನ ತಿಂಡಿಯ ತಯಾರಿಯಲ್ಲಿ ಇರುತ್ತೀರಿ. ನೀವಿಲ್ಲದ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳಲು ಇಟ್ಟುಕೊಂಡ ಆ ಒಬ್ಬ ವ್ಯಕ್ತಿಯೊಂದಿಗೆ ಮಳೆ ರಜೆಯ ದಿನಗಳಿಗೂ ಸೇರಿಸಿಯೇ ಮಾತಾಡಿಕೊಳ್ಳಿ. 2018ರ ಆಗಸ್ಟ್‌ನಂತೆ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮಗು ಯಾರ ಮನೆಯಲ್ಲಿ ಉಳಿಯಬೇಕೆಂಬುದು ಮಗುವಿಗೂ ಗೊತ್ತಿರಲಿ. ತೋಟದ ದಾರಿಯಲ್ಲಿ ಆನೆ ಓಡಾಡುವ ಕಡೆಗಳಲ್ಲಿ ಬಸ್ ನಿಲ್ದಾಣದವರೆಗೆ ಒಂಟಿಯಾಗಿ ಕಳುಹಿಸಬೇಡಿ.

ಒಂಟಿ ಗಂಡಸು ಹೆಣ್ಣುಮಗುವನ್ನು ಸಾಕುವಾಗ ವಿಶೇಷವಾಗಿ ಏನನ್ನು ಗಮನಿಸಬೇಕು?

ವಾಸದ ಜಾಗವನ್ನು. ಹತ್ತು ಹದಿನೈದು ಹುಡುಗರು ಒಂದೇ ಸಾಲಿನಲ್ಲಿರುವ, ಸ್ನಾನದ ಮನೆ ಹೊರಗಿರುವ ಸ್ಟಾಫ್ ಕ್ವಾರ್ಟರ್ಸ್‌ನಲ್ಲಿ ಹೆಣ್ಣುಮಗುವನ್ನು ಇಟ್ಟುಕೊಳ್ಳಬೇಡಿ. ಅವರೆಲ್ಲರೂ ಒಳ್ಳೆಯವರೇ ಇರಬಹುದು, ಆದರೂ ಬಾಡಿಗೆ ಹೆಚ್ಚಾದರೂ ಹೊರಗೆ, ಸಂಸಾರಸ್ಥರ ನಡುವೆ ಮನೆ ಹಿಡಿಯಿರಿ. ಯಾರು ಮುಟ್ಟಿದರೆ ಸರಿಯಲ್ಲ ಎಂಬುದನ್ನು ಹೇಳಿಕೊಡುವುದಕ್ಕೆ ನಾಚಿಕೆಪಡಬಾರದು. ಒಂಬತ್ತು ಹತ್ತು ವರ್ಷವಾಗುವಷ್ಟರಲ್ಲಿ ಮುಟ್ಟಿನ ವಿಷಯವನ್ನು ಚಿಕ್ಕಮ್ಮನೋ ಶಿಕ್ಷಕಿಯೋ ತಿಳಿಸಿರಬೇಕು. ಜೊತೆಗೆ, ಬೇಕಾದ ವಸ್ತುಗಳು ಮನೆಯ ಕಪಾಟಿನಲ್ಲಿ ಎಲ್ಲಿವೆ ಎಂಬುದನ್ನು ಮಾವನೇ ತೋರಿಸಿರಬೇಕು. ಇದು ಮಾವನಿಗೆ ಹೇಳಬಾರದ ವಿಷಯವೆಂದು ಮಗು ಅಂದುಕೊಂಡರೆ ತೊಂದರೆಯಾಗುವುದು ಅವಳಿಗೇ.

ವೃತ್ತಿಯಲ್ಲಿ ಹಿಂದೆ ಬೀಳುತ್ತೇನೆಯೇ?

ಬೀಳುತ್ತೀರಿ. ಸೂ ಶೆಫ್ (ಮುಖ್ಯ ಬಾಣಸಿಗರ ನಂತರದ ಸ್ಥಾನ) ಆಗಬೇಕಾದವರು ಇನ್ನೂ ಕೆಲವು ವರ್ಷ ಅದೇ ಸ್ಥಾನದಲ್ಲಿರಬೇಕಾಗಬಹುದು, ದುಬೈಯ ಕರೆಯನ್ನು ಬಿಡಬೇಕಾಗಬಹುದು. ಇದಕ್ಕೆ ಸಮಾಧಾನದ ಮಾತು ನನ್ನ ಬಳಿ ಇಲ್ಲ. ಮಗುವಿನ ಮುಂದೆ ಅದನ್ನು ಆಡಿ ತೋರಿಸಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನನಗೇ ಏನಾದರೂ ಆದರೆ?

ಒಮ್ಮೆ ಎಲ್ಲವನ್ನೂ ಕಳೆದುಕೊಂಡ ಮಗು ಈ ಪ್ರಶ್ನೆಯನ್ನು ನಿಮಗಿಂತ ಮೊದಲೇ ಮನಸ್ಸಿನಲ್ಲಿ ಕೇಳಿಕೊಂಡಿರುತ್ತದೆ. ನಿಮ್ಮ ನಂತರ ಯಾರು ಎಂಬುದನ್ನು ಆ ವ್ಯಕ್ತಿಯೊಂದಿಗೆ ಮಾತಾಡಿ, ಮಗುವಿಗೂ ತಿಳಿಸಿ. ಜೀವವಿಮೆ ಮಾಡಿಸಿ ಮಗುವನ್ನು ನಾಮಿನಿಯಾಗಿಸುವಾಗ, ಅದು ಅಪ್ರಾಪ್ತವಾಗಿರುವುದರಿಂದ ಹಣ ಪಡೆದುಕೊಳ್ಳಲು ವಯಸ್ಕರೊಬ್ಬರ ಹೆಸರನ್ನು ಸೇರಿಸಬೇಕು. ಭವಿಷ್ಯ ನಿಧಿಯ ನಾಮನಿರ್ದೇಶನಕ್ಕೆ ನಿಯಮ ಬೇರೆ: ಹೆಂಡತಿ ಮಕ್ಕಳು ಮುಂತಾದ ಕುಟುಂಬವಿರುವವರು ಅವರ ಹೆಸರನ್ನೇ ಬರೆಯಬೇಕು, ಹಾಗೆ ಯಾರೂ ಇಲ್ಲದವರು ಅಕ್ಕನ ಮಗುವಿನ ಹೆಸರನ್ನು ಬರೆಯಬಹುದಾದರೂ, ಮುಂದೆ ಮದುವೆಯಾದರೆ ಆ ನಾಮನಿರ್ದೇಶನ ರದ್ದಾಗುತ್ತದೆ. ಆದ್ದರಿಂದ ಮಗುವಿಗೆಂದು ಇಡುವ ಹಣವನ್ನು ಭವಿಷ್ಯ ನಿಧಿಯ ಮೇಲೆ ಬಿಡದೆ, ಅದರದೇ ಹೆಸರಿನ ಖಾತೆಯಲ್ಲಿ ಇಡಿ. ಉಳಿದ ಆಸ್ತಿಗೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಉಯಿಲು ಬರೆಯಿರಿ. ನೋಂದಣಿ ಕಡ್ಡಾಯವಲ್ಲ, ಆದರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮಾಡಿಸಿದರೆ ಮುಂದಿನ ತಕರಾರು ಕಡಿಮೆಯಾಗುತ್ತದೆ. ಈ ಕಾಗದಗಳೆಲ್ಲ ಯಾವ ಡಬ್ಬದಲ್ಲಿವೆ ಎಂಬುದನ್ನು ನಿಮ್ಮ ನಂತರ ಮಗುವನ್ನು ನೋಡಿಕೊಳ್ಳುವವರಿಗೆ ಈಗಲೇ ತೋರಿಸಿಡಿ.